ಕುಂಬಳೆ ಸುತ್ತ ಗದ್ದಲ ಇಲ್ಲದ ಕಡಲ ತೀರ ಯಾವುದಿದೆ? ಮಕ್ಕಳಿಗೆ ಹಕ್ಕಿಯೂ ಬೇಕು, ಊರಿನ ಹಳೇ ಕಥೆಯೂ ಬೇಕು

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಒಳಗಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಎಂಟು, ಒಂಬತ್ತನೇ ಕ್ಲಾಸಿನ ಕೆಲವು ಮಕ್ಕಳಿಗೆ ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ಅದು ಹಾಗೇ ಆರಿ ಹೋಗಬಾರದು ಅಂತ ನನ್ನ ಆಸೆ. ಅಡಿಕೆ ತೋಟ, ಗುಡ್ಡೆ ಅಂತ ಬೆಳೆದ ಮಕ್ಕಳು. ಕೆಂಬೂತ, ಮಡಿವಾಳ ಹಕ್ಕಿ, ಪಿಕಳಾರ, ಮಿಂಚುಳ್ಳಿ ಎಲ್ಲ ಕೂಗು ಕೇಳಿಯೇ ಹೇಳುತ್ತಾರೆ. ಕಡಲ ಹಕ್ಕಿ ಅಂದರೆ ಮಾತ್ರ ಬೆಳ್ಳಕ್ಕಿ, ಗರುಡ, ಅಲ್ಲಿಗೆ ಮುಗಿಯಿತು. ಕಡಲು ಬಸ್ಸಲ್ಲಿ ಒಂದು ಗಂಟೆ ದಾರಿ ಕೂಡ ಅಲ್ಲ, ಆದರೂ ಹೆಚ್ಚಿನವರು ನೋಡಿದ್ದು ಭಾನುವಾರ ಸಂಜೆಯ ಬೇಕಲ ಕೋಟೆ ಒಂದೇ.

ನನಗೆ ಬೇಕಾದದ್ದು ಜನ ಕಡಿಮೆ ಇರುವ ಜಾಗ. ಅಲೆ ಹೊಡೆಯುವ ಕಡಲಿಗಿಂತ ಒಳಗೆ ಸರಿದ, ನೀರು ನಿಂತಂತೆ ಇರುವ ತೀರ ಆದರೆ ಒಳ್ಳೆಯದು, ಮಕ್ಕಳನ್ನು ಕಾಯುವುದೂ ಸುಲಭ. ಹಕ್ಕಿ ನೋಡಿದ ಮೇಲೆ ಊರಿನ ಬಗ್ಗೆ ಹೇಳಲು ಏನಾದರೂ ಹಳೆಯದು ಹತ್ತಿರದಲ್ಲೇ ಇರಬೇಕು. ಕುಂಬಳೆ ಕಡೆ ನೋಡಿ ಅಂತ ಒಬ್ಬರು ಹೇಳಿದರು. ಯಾವ ತಿಂಗಳು, ಯಾವ ಹೊತ್ತು, ಎಲ್ಲಿ ನಿಲ್ಲಬೇಕು, ಏನು ಜಾಗ್ರತೆ ಮಾಡಬೇಕು ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮಲ್ಲಿ ಬೈನಾಕ್ಯುಲರ್ ಇರುವುದು ಒಂದೇ, ಸರದಿಯಲ್ಲಿ ನೋಡಬೇಕು.

ಉಪ್ಪಳ ಹಕ್ಕಿನೋಟ

ಟೀಚರೇ, ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಕುಂಬಳೆ ಬಿಟ್ಟು ಬೇರೆ ಹುಡುಕಬೇಡಿ. ಕಾಸರಗೋಡಿನಿಂದ ಉತ್ತರಕ್ಕೆ 13 ಕಿ.ಮೀ. ಆಸುಪಾಸು. ಶಿರಿಯಾ ಹೊಳೆ, ಕುಂಬಳೆ ಹೊಳೆ ಎರಡೂ ಬಂದು ಒಂದು ಹಿನ್ನೀರಿಗೆ ಸೇರುತ್ತವೆ. ಹಿನ್ನೀರಿಗೂ ಕಡಲಿಗೂ ನಡುವೆ ಒಂದು ಉದ್ದ ಮರಳ ದಂಡೆ. ಹೊಳೆ ಕಡಲಿಗೆ ಹೋಗುವುದು ಅಳಿವೆ ಬಾಗಿಲಿನಿಂದ. ದಂಡೆಯ ಆಚೆ ಅಲೆ ಎಷ್ಟೇ ಗುಡುಗಿದರೂ ಈಚೆ ನೀರು ತಣ್ಣಗೆ ಇರುತ್ತದೆ. ಹೊಳೆ ತಂದ ಹೂಳು ಇಲ್ಲೇ ಕೂರುತ್ತದೆ, ಹೂಳಿನಲ್ಲಿ ಹುಳ, ಸಣ್ಣ ಏಡಿ, ಮರುವಾಯಿ ಅಂದರೆ ಕಪ್ಪೆಚಿಪ್ಪು. ಹಕ್ಕಿ ಬರುವುದು ಅದಕ್ಕೇ.

ತಿಂಗಳು ಅಂದರೆ ಅಕ್ಟೋಬರ್‌ನಿಂದ ಮಾರ್ಚ್. ಹೊತ್ತು ಮಾತ್ರ ಗಡಿಯಾರ ನೋಡಿ ಇಡಬೇಡಿ, ಉಬ್ಬರ-ಇಳಿತ ನೋಡಿ ಇಡಿ. ಹೆಚ್ಚಿನವರು ಇದನ್ನು ಬಿಟ್ಟು ಹೋಗಿ, ಎಂತದೂ ಕಾಣಲಿಲ್ಲ ಅಂತ ಹಿಂದೆ ಬರುತ್ತಾರೆ. ಉಬ್ಬರ ತುಂಬಿದ ಹೊತ್ತಿಗೆ ಹೋದರೆ ಕಾಣುವುದು ಬರೀ ನೀರು. ಇಳಿತಕ್ಕೆ ಕೆಸರು ಬಯಲಾದಾಗ ಹಕ್ಕಿ ಎಲ್ಲ ಮೇಯಲು ಹರಡಿಕೊಳ್ಳುತ್ತವೆ, ಆದರೆ ಆಗ ತುಂಬ ದೂರ ಇರುತ್ತವೆ. ಎಲ್ಲದಕ್ಕಿಂತ ಚಂದದ ಸಮಯ ಇಳಿತ ಮುಗಿದು ನೀರು ಮತ್ತೆ ಏರಲು ಶುರುವಾದ ಮೇಲಿನ ಒಂದೆರಡು ಗಂಟೆ. ನೀರು ಏರಿದ ಹಾಗೆ ಹಕ್ಕಿಗಳು ದಡದ ಕಡೆ ಸರಿಯುತ್ತಾ ಬರುತ್ತವೆ. ನೀವು ನಿಂತಲ್ಲೇ ನಿಂತರೆ ಸಾಕು, ಅವೇ ಹತ್ತಿರ ಬರುತ್ತವೆ. ನಿಮ್ಮದು ಒಂದೇ ಬೈನಾಕ್ಯುಲರ್ ಅಂದಿರಲ್ಲ, ಅದಕ್ಕೆ ಇದೇ ಪರಿಹಾರ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸಮಯ ದಿನ ದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ ನಾಳೆ ಎಂಟರ ಹತ್ತಿರ. ಫೋನಿನಲ್ಲಿ ಮಂಗಳೂರಿನ ಸಮಯ ಸಿಗುತ್ತದೆ, ಅದೇ ಸಾಕು. ಹಿನ್ನೀರಿನ ಒಳಗೆ ಸ್ವಲ್ಪ ತಡವಾಗಿ ಆಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಬೆಳಿಗ್ಗೆ ಏಳರ ಹೊತ್ತಿಗೆ ಇಳಿತ ಬೀಳುವ ರಜಾ ದಿನ ಹುಡುಕಿ. ಆಗ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಹಕ್ಕಿ ಬಣ್ಣ ಸರಿಯಾಗಿ ಕಾಣುತ್ತದೆ. ಸಂಜೆ ಹೋದರೆ ಎಲ್ಲವೂ ಕಪ್ಪು ಕಪ್ಪು.

ಮಕ್ಕಳಿಗೆ ಮೊದಲು ಹೆಸರು ಕಲಿಸಬೇಡಿ. ನಡಿಗೆ ತೋರಿಸಿ. ಕೆಸರಿನ ಮೇಲೆ ಮಣ್ಣಿನ ಬಣ್ಣದ, ಮೈನಾಕ್ಕಿಂತ ಸಣ್ಣ ಹಕ್ಕಿಗಳು ತುಂಬ ಇರುತ್ತವೆ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ಎತ್ತಿ ನೋಡುತ್ತದೆ, ಬಗ್ಗಿ ಒಂದು ಹುಳ ಎಳೆಯುತ್ತದೆ, ಮತ್ತೆ ಓಟ. ಅದು ಪ್ಲೋವರ್. ಕಣ್ಣಿನಿಂದ ಬೇಟೆ ಆಡುವ ಜಾತಿ, ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಅದರ ಪಕ್ಕದಲ್ಲೇ ಇನ್ನೊಂದು ತಲೆ ಎತ್ತದೆ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಾ ಚುಚ್ಚುತ್ತಾ ಹೋಗುತ್ತಿರುತ್ತದೆ. ಅದು ಸ್ಯಾಂಡ್‌ಪೈಪರ್. ಅದಕ್ಕೆ ಕೊಕ್ಕಿನ ತುದಿಯಲ್ಲೇ ಸ್ಪರ್ಶ ಗೊತ್ತಾಗುತ್ತದೆ, ಕಾಣದ ಹುಳವನ್ನೂ ಹಿಡಿಯುತ್ತದೆ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಆಯಿತು. ಆಮೇಲೆ ಉದ್ದ ಬಾಗಿದ ಕೊಕ್ಕಿನ ದೊಡ್ಡ ಹಕ್ಕಿ ಕಂಡರೆ ಕರ್ಲ್ಯೂ ಅಥವಾ ವಿಂಬ್ರೆಲ್. ಕೊಕ್ಕು ಜಾಸ್ತಿ ಉದ್ದ ಇದ್ದರೆ ಕರ್ಲ್ಯೂ, ತಲೆ ಮೇಲೆ ಕಪ್ಪು ಪಟ್ಟಿ ಇದ್ದರೆ ವಿಂಬ್ರೆಲ್.

ಆ ಸಣ್ಣ ಪ್ಲೋವರ್‌ಗೆ ಹಳೇ ಪುಸ್ತಕದಲ್ಲಿ ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಇದೆ. ಈಗ ಅದನ್ನು ಎರಡು ಜಾತಿಯಾಗಿ ಬೇರೆ ಮಾಡಿದ್ದಾರೆ, ನಮ್ಮ ತೀರಕ್ಕೆ ಬರುವುದಕ್ಕೆ ಟಿಬೆಟನ್ ಸ್ಯಾಂಡ್ ಪ್ಲೋವರ್ ಅಂತ ಹೆಸರು. ಮೊಟ್ಟೆ ಇಡುವುದು ಹಿಮಾಲಯದ ಎತ್ತರದಲ್ಲಿ, ಟಿಬೆಟ್ ಕಡೆಯ ಬಯಲಿನಲ್ಲಿ. ಮಳೆಗಾಲ ಮುಗಿಯುವ ಮೊದಲೇ ಇಲ್ಲಿಗೆ ಇಳಿಯುತ್ತವೆ, ಏಪ್ರಿಲ್ ತನಕ ಇರುತ್ತವೆ. ಮಾರ್ಚ್ ಕೊನೆಗೆ ಹೋದರೆ ಕೆಲವಕ್ಕೆ ಎದೆ ಮೇಲೆ ಇಟ್ಟಿಗೆ ಕೆಂಪು ಬಂದಿರುತ್ತದೆ, ಊರಿಗೆ ಹೊರಡುವ ತಯಾರಿ ಅದು. ಟಿಬೆಟ್‌ನ ಹಕ್ಕಿ ನಮ್ಮ ಕುಂಬಳೆಯ ಕೆಸರಿನಲ್ಲಿ ಕಾಲು ಊರಿ ನಿಂತಿದೆ ಅಂತ ಮಕ್ಕಳಿಗೆ ಹೇಳಿ ನೋಡಿ, ಮುಖ ಹೇಗೆ ಅರಳುತ್ತದೆ ಅಂತ!

ಇನ್ನೊಂದು ತಪ್ಪದೆ ತೋರಿಸಿ. ಬೆಳ್ಳಕ್ಕಿಯ ಆಕಾರದ್ದೇ, ಆದರೆ ಮೈ ಪೂರ್ತಿ ಸ್ಲೇಟಿನ ಬಣ್ಣ, ಗಂಟಲು ಮಾತ್ರ ಬಿಳಿ. ವೆಸ್ಟರ್ನ್ ರೀಫ್ ಎಗ್ರೆಟ್. ಕಾಲು ಕಪ್ಪು, ಪಾದ ಹಳದಿ. ಆಳ ಇಲ್ಲದ ನೀರಿನಲ್ಲಿ ನಿಂತು ಒಂದು ಪಾದವನ್ನು ಬಿಡದೆ ನಡುಗಿಸುತ್ತದೆ, ಕೆಸರು ಏಳುತ್ತದೆ, ಅಡಗಿದ್ದ ಮೀನು ಹೆದರಿ ಹೊರಗೆ ಬರುತ್ತದೆ, ಅಷ್ಟರಲ್ಲಿ ಕೊಕ್ಕು ಬಿದ್ದಿರುತ್ತದೆ. ಇದರಲ್ಲೇ ಪೂರ್ತಿ ಬಿಳಿಯದ್ದೂ ಇದೆ. ಹಾಗಾಗಿ ಕಡಲ ಹತ್ತಿರದ ಬೆಳ್ಳಕ್ಕಿ ಎಲ್ಲ ಮಾಮೂಲಿ ಬೆಳ್ಳಕ್ಕಿ ಅಂತ ಬರೆದುಕೊಳ್ಳಬೇಡಿ.

ಮರಳ ದಂಡೆಯ ತುದಿಯಲ್ಲಿ ಗಲ್ ಮತ್ತು ಟರ್ನ್ ಅನ್ನುವ ಕಡಲ ಹಕ್ಕಿಗಳು ಗುಂಪಾಗಿ ಕೂರುತ್ತವೆ. ಅಲ್ಲಿಗೆ ಮಕ್ಕಳನ್ನು ನಡೆಸಬೇಡಿ. ಉಬ್ಬರದ ಹೊತ್ತಿಗೆ ಅವಕ್ಕೆ ಕೂರಲು ಉಳಿಯುವ ಒಣ ಜಾಗ ಅದೊಂದೇ. ಒಂದು ಸಲ ಎಬ್ಬಿಸಿದರೆ ಗುಂಪು ಪೂರ್ತಿ ಸುತ್ತು ಹೊಡೆಯುತ್ತದೆ, ಸಾವಿರಾರು ಕಿ.ಮೀ. ಹಾರಲು ಕೂಡಿಟ್ಟ ಕೊಬ್ಬು ಸುಮ್ನೆ ಕರಗಿ ಹೋಗುತ್ತದೆ. ಹಾರುವ ಫೋಟೋ ಬೇಕು ಅಂತ ಓಡಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕೊಯಿಪಾಡಿ ಕಡಪುರ

ಟೀಚರ್, ನಮ್ಮ ಮನೆ ಅಲ್ಲೇ ತೀರದಲ್ಲಿ. ಮೇಲಿನ ಅಣ್ಣ ಹಕ್ಕಿಯದ್ದು ಎಲ್ಲ ಹೇಳಿದ್ದಾರೆ, ನಾನು ನೀರಿನದ್ದು ಹೇಳುತ್ತೇನೆ.

ಒಳಗಿನ ನೀರು ತಣ್ಣಗೆ ಕಾಣುತ್ತದೆ ಅಂತ ಮಕ್ಕಳನ್ನು ಇಳಿಸಬೇಡಿ. ಇಳಿತದ ಹೊತ್ತಿಗೆ ಹಿನ್ನೀರು ಪೂರ್ತಿ ಆ ಸಣ್ಣ ಅಳಿವೆ ಬಾಗಿಲಿನಿಂದಲೇ ಹೊರಗೆ ಹೋಗಬೇಕು. ಅಲ್ಲಿ ಸೆಳೆತ ಎಷ್ಟಿರುತ್ತದೆ ಅಂತ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಚೆನ್ನಾಗಿ ಈಜು ಬರುವವರೂ ಅಲ್ಲಿ ಇಳಿಯುವುದಿಲ್ಲ. ಅಳಿವೆ ಒಂದೇ ಕಡೆ ನಿಲ್ಲುವುದೂ ಇಲ್ಲ, ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಮರಳು ಆಚೀಚೆ ಆಗುತ್ತದೆ. ಹೋದ ವರ್ಷ ನಡೆದ ಜಾಗದಲ್ಲಿ ಈ ವರ್ಷ ನೀರು ಇರಬಹುದು. ಬರುವ ಮೊದಲು ಅಲ್ಲಿರುವ ಮೀನುಗಾರರ ಹತ್ತಿರ ಕೇಳಿ, ಯಾರಾದರೂ ಬಂದು ಗಟ್ಟಿ ನೆಲ ಯಾವುದು ಅಂತ ತೋರಿಸಿಯೇ ತೋರಿಸುತ್ತಾರೆ. ಕೆಸರಿಗೆ ಇಳಿದರೆ ಮೊಣಕಾಲು ತನಕ ಹೋಗುತ್ತದೆ, ಒಳಗೆ ಮರುವಾಯಿ ಚಿಪ್ಪು ಇರುತ್ತದೆ, ಬ್ಲೇಡಿನ ಹಾಗೆ ಕುಯ್ಯುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ.

ಇಳಿತಕ್ಕೆ ಹೆಂಗಸರು ಮರುವಾಯಿ ಹೆಕ್ಕಲು ಬರುತ್ತಾರೆ. ಮಕ್ಕಳು ಅವರ ಹತ್ತಿರ ಮಾತಾಡಲಿ. ಬಲೆ ಬೀಸುವವರು ಇರುತ್ತಾರೆ. ಅದೃಷ್ಟ ಇದ್ದರೆ ಕಡಲ ಬದಿಯಲ್ಲಿ ಕೈರಂಪಣಿ ಎಳೆಯುವುದೂ ಸಿಗಬಹುದು, ಎರಡು ಕಡೆ ಹಗ್ಗ ಹಿಡಿದು ಜನ ಎಳೆಯುತ್ತಾರೆ, ಮೇಲೆ ಗರುಡ, ಗಿಡುಗ, ಕಾಗೆ ಎಲ್ಲ ಸುತ್ತುತ್ತಿರುತ್ತವೆ. ಬೂತಾಯಿ ಮೀನು ಬಲೆಗೆ ಬಿದ್ದ ದಿನ ಆಕಾಶವೇ ಹೇಳುತ್ತದೆ. ಹಕ್ಕಿ ಪುಸ್ತಕದಲ್ಲಿ ಇಲ್ಲದ್ದು ಎಷ್ಟೋ ಈ ಜನರಿಗೆ ಗೊತ್ತಿದೆ. ಯಾವ ಗಾಳಿಗೆ ಯಾವ ಹಕ್ಕಿ ಒಳಗೆ ಬರುತ್ತದೆ, ಟರ್ನ್ ಎಲ್ಲಿ ಮುಳುಗಿದರೆ ಅಲ್ಲಿ ಮೀನಿನ ಹಿಂಡು ಉಂಟು, ಇದೆಲ್ಲ. ಒಣ ಹಾಕಿದ ಬಲೆ ಮೇಲೆ ಕಾಲಿಡಬಾರದು, ಕೇಳದೆ ಫೋಟೋ ತೆಗೆಯಬಾರದು, ಇಷ್ಟು ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಬನ್ನಿ.

ಬರುವುದು ಸುಲಭ. ಕುಂಬಳೆ ರೈಲ್ವೇ ಸ್ಟೇಷನ್ ತೀರದ ಪಕ್ಕವೇ ಇದೆ, ಪ್ಯಾಸೆಂಜರ್ ನಿಲ್ಲುತ್ತದೆ. ನಿಮ್ಮ ಕಡೆಯಿಂದ ಬಸ್ಸೇ ಸರಿ. ನೀರು, ತಿಂಡಿ, ಬಾತ್‌ರೂಮು ಎಲ್ಲ ಪೇಟೆಯಲ್ಲೇ ಮುಗಿಸಿಕೊಂಡು ಬನ್ನಿ, ತೀರದಲ್ಲಿ ನೆರಳು ಅಂದರೆ ಗಾಳಿಮರ, ತೆಂಗು ಮಾತ್ರ. ಹತ್ತೂವರೆ ನಂತರ ಮರಳು ಸುಡುತ್ತದೆ.

ಸೀಮೆಯ ಓದುಗ

ಹಳೇ ಕಥೆ ಬೇಕು ಅಂದಿರಲ್ಲ, ಆ ಹಿನ್ನೀರಿನ ಎದುರು ನಿಂತೇ ಹೇಳಬಹುದು. ಮೇಲೆ ಹೇಳಿದ ಹಾಗೆ ಮರಳ ದಂಡೆಯ ಈಚೆ ನೀರಿಗೆ ಅಲೆಯ ಕಾಟ ಇಲ್ಲ. ಹಕ್ಕಿಗೆ ಒಳ್ಳೆಯದಾದ ಅದೇ ಕಾರಣಕ್ಕೆ ಹಡಗಿಗೂ ಅದು ಒಳ್ಳೆಯ ಜಾಗ ಆಗಿತ್ತು. ಕುಂಬಳೆ ಬಂದರು. 1514ರಲ್ಲಿ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸಾ ಇಲ್ಲಿಗೆ ಬಂದಿದ್ದ. ಇಲ್ಲಿಂದ ಅಕ್ಕಿ ಮಾಲ್ಡೀವ್ಸ್‌ಗೆ ಹೋಗುತ್ತದೆ, ಅಲ್ಲಿಂದ ಬದಲಿಗೆ ತೆಂಗಿನ ನಾರು ಬರುತ್ತದೆ ಅಂತ ಬರೆದಿಟ್ಟಿದ್ದಾನೆ. ಯೋಚನೆ ಮಾಡಿ, ಅಕ್ಕಿ ಬಂದದ್ದು ನಿಮ್ಮ ಮಕ್ಕಳ ಊರಿನ ಹಾಗಿರುವ ಒಳಗಿನ ಗದ್ದೆಗಳಿಂದ. ಮಾಲ್ಡೀವ್ಸ್‌ನ ದ್ವೀಪಗಳಲ್ಲಿ ಭತ್ತ ಬೆಳೆಯಲು ಜಾಗ ಇಲ್ಲ, ತೆಂಗು ಬೇಕಾದಷ್ಟು. ಆ ಕಾಲದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದದ್ದೇ ನಾರಿನ ಹಗ್ಗದಿಂದ. ಹಾಗಾಗಿ ನಾರು ಅಂದರೆ ಸಣ್ಣ ಸರಕು ಅಲ್ಲ.

ಈ ಬಂದರನ್ನು ಆಳಿದವರು ಕುಂಬಳೆ ಅರಸರು, ಅವರ ಅರಮನೆ ಒಳಗಡೆ ಮಾಯಿಪ್ಪಾಡಿಯಲ್ಲಿದೆ. ಕುಂಬಳೆ ಸೀಮೆಗೆ ನಾಲ್ಕು ದೊಡ್ಡ ದೇವಸ್ಥಾನ, ಅಡೂರು, ಮಧೂರು, ಕಾವು, ಕಣಿಯಾರ ಅಂತ ಹಿರಿಯರು ಒಂದೇ ಉಸಿರಿಗೆ ಹೇಳುತ್ತಾರೆ. ಕಣಿಯಾರ ಅಂದರೆ ಪೇಟೆಯಲ್ಲೇ ಇರುವ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ. ಕಣ್ವ ಋಷಿ ಪ್ರತಿಷ್ಠೆ ಮಾಡಿದ್ದು ಅಂತ ನಂಬಿಕೆ. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬ ಇದೇ ಕುಂಬಳೆಯವನು. ನಿಮ್ಮ ಮಕ್ಕಳಲ್ಲಿ ಯಾರಾದರೂ ಹೆಜ್ಜೆ ಕಲಿಯುತ್ತಿದ್ದರೆ ಅವರಿಗೆ ಇದು ಗೊತ್ತಿರಲೇಬೇಕು.

ಪೇಟೆ ಬಿಟ್ಟು ಮಂಗಳೂರು ಕಡೆ ಸ್ವಲ್ಪ ಹೋದರೆ ಹೈವೇ ಬದಿಯಲ್ಲೇ ಆರಿಕ್ಕಾಡಿ ಕೋಟೆ. ಕೆಳದಿ ನಾಯಕರ ಕಾಲದ್ದು. ಬೇಕಲದ ಹಾಗೆ ದೊಡ್ಡದಲ್ಲ, ಗೋಡೆ ಮೇಲೆ ಗಿಡ ಬೆಳೆದಿದೆ, ಹತ್ತಿರ ಆಂಜನೇಯನ ಗುಡಿ ಇದೆ. ಆದರೆ ಕೋಟೆಯನ್ನು ಅಲ್ಲೇ ಯಾಕೆ ಕಟ್ಟಿದರು ಅಂತ ಮಕ್ಕಳನ್ನೇ ಕೇಳಿ. ಕೆಳಗೆ ಹೊಳೆ, ಆಚೆ ಅಳಿವೆ, ಅದರಾಚೆ ಕಡಲು. ಹೊಳೆಗೆ ಯಾವ ದೋಣಿ ಬಂದರೂ ಕಣ್ಣಿಗೆ ಬೀಳಬೇಕು. ಬೆಳಿಗ್ಗೆ ತೀರ ನೋಡಿದ ಮಕ್ಕಳು ಉತ್ತರ ಅವರೇ ಹೇಳುತ್ತಾರೆ. ಕೆಳದಿಯವರು ಈ ಕರಾವಳಿಯಲ್ಲಿ ಚಂದ್ರಗಿರಿ, ಬೇಕಲ ಅಂತ ಕೋಟೆ ಮೇಲೆ ಕೋಟೆ ಕಟ್ಟಿದ್ದೂ ಹೊಳೆ ಬಾಯಿ, ಕಡಲ ದಾರಿ ಕಾಯಲಿಕ್ಕೆ.

ಮಧ್ಯಾಹ್ನ ಸಮಯ ಉಳಿದರೆ ಅನಂತಪುರಕ್ಕೆ ಹೋಗಿ. ಕೆರೆಯ ನಡುವೆ ದೇವಸ್ಥಾನ, ಸುತ್ತ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲು. ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು, ಊರಿಗೆ ಊರೇ ಬಂದು ಬೀಳ್ಕೊಟ್ಟಿತು. ಮುರಕಲ್ಲು ಬಯಲಿನಲ್ಲಿ ಟಿಟ್ಟಿಭ, ಬಾನಾಡಿ ಸಿಗುತ್ತವೆ, ಅವು ಬೇರೆಯೇ ಪಾಠ.

ನೀರ್ಚಾಲು ಟೀಚರ್

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ತುಂಬ ಥ್ಯಾಂಕ್ಸ್. ಉಬ್ಬರ-ಇಳಿತದ ಲೆಕ್ಕ ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ, ಗಣಿತದ ಪೀರಿಯಡ್‌ಗೂ ಆಯಿತು. ಇನ್ನೊಂದು ಕೇಳುವುದಿದೆ. ಬಿಳಿ ಹೊಟ್ಟೆಯ ಕಡಲ ಹದ್ದು ನಮ್ಮ ಜಿಲ್ಲೆಯ ಹಕ್ಕಿ ಅಂತ ಮಕ್ಕಳು ಪೇಪರಿನಲ್ಲಿ ಓದಿದ್ದಾರೆ. ಅದರ ಗೂಡು ಎಲ್ಲಿದೆ ಅಂತ ಗೊತ್ತಾ? ದೂರದಿಂದಲೇ ತೋರಿಸುತ್ತೇನೆ.

ಉಪ್ಪಳ ಹಕ್ಕಿನೋಟ

ಟೀಚರೇ, ಬೇಜಾರು ಮಾಡಬೇಡಿ, ಗೂಡಿನ ಜಾಗ ಇಲ್ಲಿ ಯಾರೂ ಬರೆಯಬೇಡಿ ಅಂತ ನನ್ನ ಕೋರಿಕೆ. ನಿಮ್ಮ ಬಗ್ಗೆ ಅನುಮಾನದಿಂದ ಅಲ್ಲ. ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದುತ್ತಾರೆ, ಮರುದಿನ ಮರದ ಬುಡದಲ್ಲಿ ಕ್ಯಾಮರಾ ಸಾಲು ನಿಲ್ಲುತ್ತದೆ. ಕೇರಳದಲ್ಲಿ ಈ ಹದ್ದು ಗೂಡು ಕಟ್ಟುವುದು ಹೆಚ್ಚುಕಡಿಮೆ ಕಾಸರಗೋಡು, ಕಣ್ಣೂರು ಕಡೆ ಮಾತ್ರ. ಎತ್ತರದ ಹಳೇ ಮರ ಬೇಕು ಅದಕ್ಕೆ, ಒಂದೇ ಗೂಡಿಗೆ ವರ್ಷ ವರ್ಷ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಮರಿ ಇರುವಾಗ ಜನ ಜಾಸ್ತಿ ಆದರೆ ಗೂಡನ್ನೇ ಬಿಟ್ಟು ಹೋಗುವ ಅಪಾಯ ಇದೆ. ಆ ಮರ ಉಳಿಯುವುದು ಅದರ ಒಡೆಯರ ಕೈಯಲ್ಲಿದೆ. ಕಾವಿನಲ್ಲಿ, ಅಂದರೆ ದೇವರ ಕಾಡಿನಲ್ಲಿ ಇದ್ದರೆ ದೇವರ ಭಯಕ್ಕೆ ಉಳಿಯುತ್ತದೆ, ಹಿತ್ತಿಲಲ್ಲಿ ಇದ್ದರೆ ಮನೆಯವರ ಒಳ್ಳೆ ಮನಸ್ಸಿಗೆ.

ಗೂಡು ಬೇಡ, ಹಾರುವುದನ್ನು ತೋರಿಸಿ. ಅಳಿವೆ ಮೇಲೆ ಆಗಾಗ ಬರುತ್ತದೆ. ಗರುಡನ ಮೈ ಇಟ್ಟಿಗೆ ಬಣ್ಣ, ತಲೆ ಎದೆ ಬಿಳಿ. ಕಡಲ ಹದ್ದು ಅದಕ್ಕಿಂತ ತುಂಬ ದೊಡ್ಡದು, ತಲೆಯೂ ಹೊಟ್ಟೆಯೂ ಬಿಳಿ, ಬೆನ್ನು ರೆಕ್ಕೆ ಬೂದು, ಬಾಲ ಗಿಡ್ಡ. ತೇಲುವಾಗ ರೆಕ್ಕೆ ಎರಡೂ ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಗರುಡ ಹಾಗೆ ಹಿಡಿಯುವುದಿಲ್ಲ. ಕೆಲವೊಮ್ಮೆ ಉಗುರಿನಲ್ಲಿ ಕಡಲ ಹಾವು ನೇತಾಡುತ್ತಿರುತ್ತದೆ, ಅದೂ ಅದರ ಊಟ. ಜಿಲ್ಲಾ ಪಂಚಾಯತಿನವರು ಹಕ್ಕಿಯ ಜೊತೆ ಕಾಸರಕ ಮರ, ಒಂದು ಹೂವು, ಮೆದು ಚಿಪ್ಪಿನ ದೊಡ್ಡ ಆಮೆ, ಹೀಗೆ ಜಿಲ್ಲೆಯ ಗುರುತು ಅಂತ ಮಾಡಿದ್ದಾರೆ. ಆ ಆಮೆ ಚಂದ್ರಗಿರಿ ಹೊಳೆಯಲ್ಲಿ ಇದೆ. ಮಕ್ಕಳಿಗೆ ನಾಲ್ಕನ್ನೂ ಹೇಳಿ.

ಬೇಕಲ ಪಕ್ಕದವ

ನಮ್ಮ ಬೇಕಲವನ್ನು ಎಲ್ಲರೂ ಸೇರಿ ಬದಿಗೆ ಇಟ್ಟಿರಿ, ನನಗೆ ಇದು ಒಪ್ಪಿಗೆ ಇಲ್ಲ. ಭಾನುವಾರ ಸಂಜೆ ಗದ್ದಲ, ನಿಜ. ವಾರದ ನಡುವೆ ಬೆಳಿಗ್ಗೆ ಗೇಟು ತೆರೆದ ಕೂಡಲೇ ಬಂದು ನೋಡಿ. 1650ರ ಆಸುಪಾಸಿನಲ್ಲಿ ಶಿವಪ್ಪ ನಾಯಕ ಕಟ್ಟಿಸಿದ್ದು, ಕೇರಳದ ಕೋಟೆಗಳಲ್ಲೇ ದೊಡ್ಡದು, 40 ಎಕ್ರೆ. ಕಡಲಿಗೆ ಚಾಚಿದ ಬುರುಜಿನ ಮೇಲೆ ನಿಂತರೆ ಕಡಲ ಹದ್ದು ಕಣ್ಣಿನ ಮಟ್ಟದಲ್ಲೇ ಹಾರಿ ಹೋಗುತ್ತದೆ, ಕತ್ತು ಎತ್ತಬೇಕಾಗಿಲ್ಲ. ಕೆಳಗಿನ ಬಂಡೆಯಲ್ಲಿ ರೀಫ್ ಎಗ್ರೆಟ್ ಇರುತ್ತದೆ. ಹೈದರಾಲಿ, ಟಿಪ್ಪು, ಆಮೇಲೆ ಕಂಪನಿ, ಆಮೇಲೆ ಮದ್ರಾಸ್ ಆಡಳಿತದ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆ, 1956ರ ನವೆಂಬರ್ 1ಕ್ಕೆ ಕೇರಳ. ಇಷ್ಟು ಇತಿಹಾಸ ಒಂದೇ ಗೋಡೆ ಮೇಲೆ ಕೂತು ಹೇಳಲು ಇನ್ನೆಲ್ಲಿ ಆಗುತ್ತದೆ? ಕೆಸರಿನ ಹಕ್ಕಿ ಮಾತ್ರ ಇಲ್ಲ, ಅದಕ್ಕೆ ಕುಂಬಳೆಯೇ.

ನೀರ್ಚಾಲು ಟೀಚರ್

ಬೇಕಲ ಪಕ್ಕದ ಅಣ್ಣ, ಅದನ್ನು ಇನ್ನೊಂದು ದಿನಕ್ಕೆ ಇಡುತ್ತೇನೆ, ಖಂಡಿತ. ಈ ಸಲ ಕುಂಬಳೆ. ಜನವರಿಯಲ್ಲಿ ಹೊರಡುವುದು ಅಂತ ಇದ್ದೇವೆ. ಬೆಳಿಗ್ಗೆ ತೀರ, ಪೇಟೆಯಲ್ಲಿ ತಿಂಡಿ, ಆಮೇಲೆ ಆರಿಕ್ಕಾಡಿ, ಸಮಯ ಇದ್ದರೆ ಅನಂತಪುರ.

ಕೊಯಿಪಾಡಿ ಕಡಪುರ

ಜನವರಿ ಆದರೆ ತಿಂಗಳ ಮಧ್ಯ ಬಿಟ್ಟು ಇಡಿ ಟೀಚರ್. ಸಂಕ್ರಮಣದ ಹೊತ್ತಿಗೆ ಕಣಿಪುರದ ಜಾತ್ರೆ, ಕುಂಬಳೆ ಬೆಡಿ (ಸುಡುಮದ್ದು) ಬೇರೆ. ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬೆಡಿಯ ಸದ್ದಿಗೆ ಹಕ್ಕಿಯೂ ಚದುರಿರುತ್ತದೆ. ದಿನ ಗೊತ್ತಾದ ಮೇಲೆ ಇಲ್ಲೇ ಹಾಕಿ, ಆ ವಾರ ಅಳಿವೆ ಹೇಗಿದೆ, ಎಲ್ಲಿ ನಿಲ್ಲಬಹುದು ಅಂತ ನೋಡಿ ಹೇಳುತ್ತೇನೆ.